‘ಅ’ ಅಂದರೆ ಅರಸ ಅಲ್ಲ: ಬಾಯಿಪಾಠ ಬರುವ ಮಗುವಿಗೆ ಅಕ್ಷರ ಯಾಕೆ ಗೊತ್ತಾಗುತ್ತಿಲ್ಲ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ ಎಂಟು ತಿಂಗಳು. ಎಲ್‌ಕೆಜಿ. ‘ಅ’ದಿಂದ ‘ಳ’ವರೆಗೆ ಒಂದೇ ಉಸಿರಿಗೆ ಹೇಳುತ್ತಾಳೆ. ನೂರರವರೆಗೆ ಎಣಿಸುತ್ತಾಳೆ. ನೆಂಟರು ಬಂದಾಗ ಹೇಳಿಸಿ ಖುಷಿಪಡುತ್ತಿದ್ದೆವು. ಆದರೆ ಚಾರ್ಟಿನ ಮಧ್ಯದಲ್ಲಿ ‘ಗ’ ತೋರಿಸಿ ಇದೇನು ಅಂದರೆ ನನ್ನ ಮುಖ ನೋಡುತ್ತಾಳೆ. ‘ಅ’ ತೋರಿಸಿದರೆ ‘ಅರಸ’ ಅನ್ನುತ್ತಾಳೆ, ‘ಎ’ ತೋರಿಸಿದರೆ ‘ಎಲೆ’. ಮೊನ್ನೆ ‘ಎಲೆ’ ಅಂತ ಬರೆದ ಚೀಟಿ ಜಾರಿ ಇಲಿಯ ಚಿತ್ರದ ಕೆಳಗೆ ಬಿತ್ತು. ಅದೇ ಚೀಟಿಯನ್ನು ‘ಇಲಿ’ ಅಂತ ಓದಿದಳು! ಮೂರು ಚಮಚ ತಾ ಅಂದರೆ ಸರಿಯಾಗಿ ತರುತ್ತಾಳೆ, ಏಳು ಅಂದರೆ ಕೈಗೆ ಸಿಕ್ಕಷ್ಟು ತರುತ್ತಾಳೆ. 3 ಬರೆದರೆ ಉಲ್ಟಾ ಬರೆಯುತ್ತಾಳೆ. ಆದರೆ ಅಂಗಡಿಯಲ್ಲಿ ಪಾರ್ಲೆ-ಜಿ, ನಂದಿನಿ ಪ್ಯಾಕೆಟ್‌ಗಳನ್ನು ದೂರದಿಂದಲೇ ಗುರುತು ಹಿಡಿಯುತ್ತಾಳೆ. ‘ಸ್ವಲ್ಪ ಹಿಂದಿದ್ದಾಳೆ, ದಿನಾ ಒಂದು ಅಕ್ಷರ ಎರಡು ಪುಟ ಬರೆಸಿ’ ಅಂತ ಮಿಸ್ ಹೇಳಿದ್ದಾರೆ. ನಮ್ಮ ಅತ್ತೆಯವರದೂ ಅದೇ ಮಾತು. ಕನ್ನಡ, ಇಂಗ್ಲಿಷ್ ಎರಡೂ ಸೇರಿ ಗೊಂದಲ ಆಗಿದೆ, ಕನ್ನಡ ಬಿಡಿಸೋಣ ಅಂತಾರೆ ಯಜಮಾನರು. ಮಗು ದಡ್ಡಿನಾ? ಓದು ಕಲಿಯಲು ಕಷ್ಟವಾಗುವ ಡಿಸ್ಲೆಕ್ಸಿಯಾ ಇರಬಹುದಾ? ಶೀತ ಆದಾಗಲೆಲ್ಲ ಕಿವಿನೋವು ಅನ್ನುವುದು ಬಿಟ್ಟರೆ ಆರೋಗ್ಯವಾಗಿದ್ದಾಳೆ. ಈಗೀಗ ಗೋಡೆಯ ಚಾರ್ಟ್ ನೋಡಿದರೇ ಅಳುತ್ತಾಳೆ. ಕಿತ್ತು ಹಾಕಲೇ?

— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಮಗು ದಡ್ಡಿ ಅನ್ನುವುದಕ್ಕೆ ನೀವು ಬರೆದದ್ದರಲ್ಲಿ ಒಂದೂ ಕಾರಣ ನನಗೆ ಕಾಣಲಿಲ್ಲ. ಡಾಕ್ಟರಿಗೆ ತೋರಿಸಬೇಕಾದ ವಿಷಯ ಒಂದಿದೆ. ಅದು ಅಕ್ಷರದ್ದಲ್ಲ, ಕಿವಿಯದು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮನ್ನು ಕಾಡುತ್ತಿರುವುದು ಇಷ್ಟು. ಇಷ್ಟೆಲ್ಲ ಬಾಯಲ್ಲಿ ಬರುವ ಮಗುವಿಗೆ ಕಣ್ಣೆದುರಿಗಿರುವ ಒಂದು ಅಕ್ಷರ ಯಾಕೆ ಗೊತ್ತಾಗುವುದಿಲ್ಲ? ವರ್ಣಮಾಲೆ ಹೇಳುವುದು, ಅಕ್ಷರ ಗುರುತಿಸುವುದು ಎರಡೂ ಒಂದೇ ಕೆಲಸ ಅಂತ ನಾವು ದೊಡ್ಡವರು ಅಂದುಕೊಂಡಿರುತ್ತೇವೆ. ಹಾಗಲ್ಲ. ‘ಅ ಆ ಇ ಈ’ ಅವಳಿಗೆ ಒಂದು ಹಾಡು. ಹಾಡಿನ ನಡುವಿನ ಒಂದು ತುಣುಕು ತೆಗೆದು ‘ಇದೇನು’ ಅಂದರೆ ನಮಗೂ ತಡವರಿಸುತ್ತದೆ. ನಾಡಗೀತೆಯ ಏಳನೇ ಪದ ಯಾವುದು ಅಂತ ಯಾರಾದರೂ ಕೇಳಿದರೆ ನಾವೂ ಮೊದಲಿಂದ ಹಾಡಿಕೊಂಡು ಬರಬೇಕು, ಅಲ್ವಾ?

ಹಾಡು ಕಲಿಯಲು ನೆನಪು ಸಾಕು. ಅಕ್ಷರ ಕಲಿಯಲು ಇನ್ನೊಂದು ಬೇಕು. ಒಂದು ಗೀಟು ಅಥವಾ ಒಂದು ಸುತ್ತು ತಾನು ಗೀಟಾಗಿದ್ದುಕೊಂಡೇ ಬೇರೆ ಏನನ್ನೋ ಹೇಳುತ್ತದೆ ಅನ್ನುವುದು ತಲೆಗೆ ಹೊಳೆಯಬೇಕು. ನಮಗೆ ಅದು ಎಷ್ಟು ಸಲೀಸಾಗಿಬಿಟ್ಟಿದೆ ಅಂದರೆ, ಅದನ್ನೂ ಒಮ್ಮೆ ಕಲಿತಿದ್ದೆವು ಅನ್ನುವುದೇ ಮರೆತುಹೋಗಿದೆ.

ಇದು ಎಷ್ಟು ದೊಡ್ಡ ಹೆಜ್ಜೆ ಅಂತ ತೋರಿಸುವ ಒಂದು ಪ್ರಯೋಗ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ ಇದನ್ನು 1987ರಲ್ಲಿ ಪ್ರಕಟಿಸಿದರು. ಒಂದು ನಿಜವಾದ ಕೋಣೆ. ಪಕ್ಕದಲ್ಲಿ ಅದೇ ಕೋಣೆಯ ಪುಟ್ಟ ಮಾದರಿ. ಅದರಲ್ಲೂ ಅದೇ ತರದ ಸೋಫಾ, ಅದೇ ತರದ ಕಪಾಟು, ನಮ್ಮ ದಸರಾ ಗೊಂಬೆಮನೆಯ ಹಾಗೆ. ಮಗು ನೋಡುತ್ತಿರುವಾಗಲೇ ಚಿಕ್ಕ ಗೊಂಬೆಯನ್ನು ಚಿಕ್ಕ ಸೋಫಾದ ಹಿಂದೆ ಬಚ್ಚಿಡುತ್ತಾರೆ. ‘ದೊಡ್ಡ ಕೋಣೆಯಲ್ಲಿ ದೊಡ್ಡ ಗೊಂಬೆಯೂ ಇದೇ ಜಾಗದಲ್ಲಿದೆ, ಹುಡುಕು’ ಅನ್ನುತ್ತಾರೆ. ಮೂರು ವರ್ಷದ ಮಕ್ಕಳು ನೇರ ಹೋಗಿ ಸೋಫಾದ ಹಿಂದೆ ಕೈ ಹಾಕಿದರು. ಎರಡೂವರೆ ವರ್ಷದವರಲ್ಲಿ ಹೆಚ್ಚಿನವರು ಕೋಣೆ ತುಂಬ ತಡಕಾಡಿದರು. ಮರೆವು ಅಂತೀರಾ? ಅಲ್ಲ. ಅವರನ್ನೇ ವಾಪಸ್ ಕರೆತಂದು ಚಿಕ್ಕ ಗೊಂಬೆ ಎಲ್ಲಿ ಅಂದರೆ ಸರಿಯಾಗಿ ತೆಗೆದುಕೊಟ್ಟರು. ಜಾಗ ನೆನಪಿತ್ತು. ಚಿಕ್ಕ ಕೋಣೆ ದೊಡ್ಡ ಕೋಣೆಯ ಬಗ್ಗೆ ಏನೋ ಹೇಳುತ್ತಿದೆ ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ಮುಂದೆ ಅವರು ಮಾಡಿದ್ದು ಇನ್ನೂ ಚೆನ್ನಾಗಿದೆ. 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂವರೆ ವರ್ಷದ ಮಕ್ಕಳಿಗೆ ಒಂದು ಮೆಷಿನ್ ತೋರಿಸಿದರು. ‘ಈ ಮೆಷಿನ್ ದೊಡ್ಡ ಕೋಣೆಯನ್ನೇ ಕುಗ್ಗಿಸಿ ಚಿಕ್ಕದು ಮಾಡುತ್ತೆ’ ಅಂತ ನಂಬಿಸಿದರು. ಆಗ ಅದೇ ವಯಸ್ಸಿನ ಮಕ್ಕಳು ಗೊಂಬೆಯನ್ನು ಸಲೀಸಾಗಿ ಹುಡುಕಿದರು. ಈಗ ಅವರ ಪಾಲಿಗೆ ಅದು ಇನ್ನೊಂದರ ಗುರುತಲ್ಲ, ಅದೇ ಕೋಣೆ. ಒಂದು ವಸ್ತುವನ್ನು ವಸ್ತುವಾಗಿಯೂ ಗುರುತಾಗಿಯೂ ಒಟ್ಟಿಗೆ ನೋಡುವುದೇ ಕಷ್ಟದ ಕೆಲಸ. ಅದೊಂದನ್ನು ತೆಗೆದುಬಿಟ್ಟರೆ ಉಳಿದದ್ದೆಲ್ಲ ಸುಲಭ.

ನಿಮ್ಮ ಮಗಳು ಆ ಹಂತ ಎಂದೋ ದಾಟಿದ್ದಾಳೆ. ತೆಂಗಿನ ಚಿಪ್ಪಿನಲ್ಲಿ ಮಣ್ಣು ಕಲಸಿ ನಿಮಗೆ ಸಾರು ಬಡಿಸಿರುತ್ತಾಳೆ. ಎಲೆ ಕೊಟ್ಟು ‘ಇದು ನೂರು ರೂಪಾಯಿ’ ಅಂದಿರುತ್ತಾಳೆ. ಎಲೆ ಎಲೆಯೇ, ಆದರೆ ಆಟದಲ್ಲಿ ದುಡ್ಡು. ಗುರುತು ಅಂದರೆ ಅದೇ. ಹಾಗಾದರೆ ಅಕ್ಷರದಲ್ಲಿ ಯಾಕೆ ಸಿಕ್ಕಿಕೊಂಡಳು?

ಯಾಕೆಂದರೆ ಅಕ್ಷರ ಹೇಳುವುದು ವಸ್ತುವನ್ನಲ್ಲ, ಸದ್ದನ್ನು. ಗೊಂಬೆ ಮಗುವಿನ ಹಾಗೆ ಕಾಣುತ್ತದೆ, ಸೂರ್ಯನ ಚಿತ್ರ ಸೂರ್ಯನ ಹಾಗೆ ಕಾಣುತ್ತದೆ. ‘ಗ’ ಯಾವುದರ ಹಾಗೂ ಕಾಣುವುದಿಲ್ಲ. ಅದು ಬಾಯಿಂದ ಹೊರಟು ಗಾಳಿಯಲ್ಲಿ ಮಾಯವಾಗುವ ಒಂದು ಸದ್ದಿನ ಗುರುತು. ನಾಲ್ಕು ವರ್ಷದ ಮಗುವಿಗೆ ಮಾತು ಗೊತ್ತು. ಮಾತಿನೊಳಗೆ ಸದ್ದಿನ ತುಂಡುಗಳಿವೆ ಅನ್ನುವುದು ಗೊತ್ತಿಲ್ಲ. ಹಾಗಾಗಿ ಬರಹ ಕಂಡಾಗ ‘ಇದು ಯಾವ ವಸ್ತು’ ಅಂತ ಹುಡುಕುತ್ತದೆ.

ನಿಮ್ಮ ಮನೆಯಲ್ಲಿ ಜಾರಿ ಬಿದ್ದ ಚೀಟಿ ಇದನ್ನೇ ತೋರಿಸಿತು. ಕೆನಡಾದ ಮನಶ್ಶಾಸ್ತ್ರಜ್ಞೆ ಎಲೆನ್ ಬಯಾಲಿಸ್ಟಾಕ್ ಬೇಕೆಂದೇ ಚೀಟಿ ಜಾರಿಸಿ ಮಕ್ಕಳನ್ನು ಪರೀಕ್ಷಿಸಿದರು. ಚೀಟಿ ಒಂದು ಚಿತ್ರದ ಕೆಳಗಿಂದ ಇನ್ನೊಂದರ ಕೆಳಗೆ ಹೋದರೆ, ನಾಲ್ಕು ವರ್ಷದ ಎಷ್ಟೋ ಮಕ್ಕಳು ಈಗ ಅದರಲ್ಲಿ ಎರಡನೇ ಚಿತ್ರದ ಹೆಸರಿದೆ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಬರಹ ಪಕ್ಕದಲ್ಲಿರುವ ಚಿತ್ರದ ಬಾಲ. ಬರೆದದ್ದು ಎಲ್ಲಿ ಹೋದರೂ ಬದಲಾಗುವುದಿಲ್ಲ ಅನ್ನುವುದು ಅವರಿಗಿನ್ನೂ ಹೊಸ ಸುದ್ದಿ. ನಿಮ್ಮ ಮಗಳು ‘ಇಲಿ’ ಅಂದಾಗ ತಪ್ಪು ಮಾಡಲಿಲ್ಲ. ತನಗೆ ಗೊತ್ತಿದ್ದ ನಿಯಮದ ಪ್ರಕಾರ ಸರಿಯಾಗಿಯೇ ಓದಿದಳು.

ಇನ್ನೊಂದು ಮಾಡಿ ನೋಡಿ. ಒಂದು ಚೀಟಿಯಲ್ಲಿ ‘ಆನೆ’, ಇನ್ನೊಂದರಲ್ಲಿ ‘ಇರುವೆ’ ಬರೆಯಿರಿ. ಯಾವುದು ಆನೆ ಅಂತ ಕೇಳಿ. ಈ ವಯಸ್ಸಿನ ಬಹಳ ಮಕ್ಕಳು ‘ಇರುವೆ’ ಚೀಟಿ ಎತ್ತಿಕೊಳ್ಳುತ್ತಾರೆ. ಆನೆ ದೊಡ್ಡದು, ಹಾಗಾಗಿ ಅದರ ಹೆಸರೂ ಉದ್ದ ಇರಬೇಕು ಅಂತ ಅವರ ತರ್ಕ. ಇದನ್ನು ಅರ್ಜೆಂಟೀನಾದ ಮನಶ್ಶಾಸ್ತ್ರಜ್ಞೆ ಎಮಿಲಿಯಾ ಫೆರೇರೋ ಸ್ಪ್ಯಾನಿಷ್ ಮಾತಾಡುವ ಮಕ್ಕಳಲ್ಲಿ ಕಂಡರು. ನಾನು ನಮ್ಮ ಅಂಗನವಾಡಿಗಳಲ್ಲಿ ಕಂಡಿದ್ದೇನೆ. ಒಂದು ಸಲ ಒಬ್ಬ ಹುಡುಗ ‘ಆನೆ’ ಚೀಟಿ ಹಿಡಿದುಕೊಂಡು, ‘ಇದು ಇರುವೆ, ನೋಡಿ ಎಷ್ಟು ಚೂರೇ ಚೂರು ಇದೆ’ ಅಂದ. ನಾನು ಆ ಚೀಟಿಯನ್ನು ಗೋಡೆಯಷ್ಟು ದೊಡ್ಡದಾಗಿ ಬರೆದು ತೋರಿಸಿದೆ. ಬಹಳ ಹೊತ್ತು ಯೋಚಿಸಿದ. ‘ಇದು ದೊಡ್ಡ ಇರುವೆ’ ಅಂದ. ಆ ಯೋಚನೆ ನನಗೆ ಎಷ್ಟು ಹಿಡಿಸಿತೆಂದರೆ, ಅವತ್ತು ಅವನನ್ನು ತಿದ್ದಲಿಲ್ಲ.

ನಿಮ್ಮ ಮಗಳು ‘ಅ’ ನೋಡಿ ‘ಅರಸ’ ಅನ್ನುವುದರಲ್ಲಿ ಚಾರ್ಟಿನ ಪಾಲು ಜಾಸ್ತಿ ಇದೆ. ಅಕ್ಷರದ ಪಕ್ಕ ಚಿತ್ರ ಇಟ್ಟು ನಾವೇ ದಿನಾ ‘ಅ ಅರಸ’ ಅಂತ ಹೇಳಿಕೊಟ್ಟಿದ್ದೇವೆ. ಆ ಆಕಾರದ ಹೆಸರೇ ಅರಸ ಅಂತ ಅವಳು ತಿಳಿದರೆ ಅದು ನಾವು ಕಲಿಸಿದ್ದೇ. ಅದರ ಮೇಲೆ ಚಿತ್ರಗಳನ್ನು ನೋಡಿ. ಅರಸ, ಉಡ, ಋಷಿ. ಈಗಿನ ಮಗು ಇದರಲ್ಲಿ ಯಾವುದನ್ನು ಕಂಡಿದೆ? ಗೊತ್ತಿಲ್ಲದ ಆಕಾರಕ್ಕೆ ಗೊತ್ತಿಲ್ಲದ ಚಿತ್ರ. ‘ಮೊದಲ ಸದ್ದು ಕೇಳು’ ಅಂತ ಕಲಿಸಿಕೊಂಡು ಬಂದು ‘ಣ’ಗೆ ಬಂದಾಗ ‘ಬಾಣ’ ಅನ್ನುತ್ತೇವೆ. ಅಲ್ಲಿ ‘ಣ’ ಕೊನೆಗಿದೆ. ‘ಳ’ಗೂ ಅದೇ ಪಾಡು. ಮಗು ಕಟ್ಟಿಕೊಂಡಿದ್ದ ಚೂರುಪಾರು ನಿಯಮವೂ ಅಲ್ಲಿಗೆ ಮುರಿಯುತ್ತದೆ.

ಪಾರ್ಲೆ-ಜಿ, ನಂದಿನಿ ಗುರುತು ಹಿಡಿಯುವುದು ಓದುವುದಲ್ಲ, ಆದರೆ ಓದಿನ ಬಾಗಿಲು. ಬಣ್ಣ, ಚಿತ್ರ, ಒಟ್ಟು ನೋಟ ಸೇರಿಸಿ ಹಿಡಿಯುತ್ತಾಳೆ. ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ‘ನಂದಿನಿ’ ಬರೆದರೆ ಹಿಡಿಯಲಾರಳು. ಆದರೂ ‘ಹೊರಗಿನ ಗುರುತು ಒಳಗಿನದನ್ನು ಹೇಳುತ್ತದೆ’ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿದೆ. ಅದನ್ನು ಬೆಳೆಸಿ. ಬಿಸ್ಕತ್ ಪ್ಯಾಕೆಟ್ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ ಇರುತ್ತದಲ್ಲ, ಅದು ಸಸ್ಯಾಹಾರದ ಗುರುತು ಅಂತ ತೋರಿಸಿ. ಅಡುಗೆಮನೆಯ ಯಾವ್ಯಾವ ಪ್ಯಾಕೆಟ್ ಮೇಲೆ ಇದೆ ಹುಡುಕಲಿ. ಸಿಗ್ನಲ್ಲಿನ ಕೆಂಪು ದೀಪ, ಔಷಧಿ ಅಂಗಡಿಯ ಗುರುತು, ನೀವು ಹಾಲಿನ ಲೆಕ್ಕಕ್ಕೆ ಕ್ಯಾಲೆಂಡರಿನಲ್ಲಿ ಹಾಕುವ ಗೀಟು, ಎಲ್ಲವೂ ಪಾಠವೇ. ದೊಡ್ಡವರಿಗೂ ಗುರುತೇ ಗತಿಯಾಗಿದ್ದ ಕಾಲ ಇತ್ತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಬಹುಪಾಲು ಮತದಾರರಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ಪಕ್ಷಗಳಿಗೆ ಚಿತ್ರದ ಚಿಹ್ನೆ ಕೊಟ್ಟರು.

ಈಗ ಯಜಮಾನರ ಮಾತು. ಎರಡು ಭಾಷೆಯಿಂದ ಗೊಂದಲ ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ಬಯಾಲಿಸ್ಟಾಕ್ ಅವರ ಚೀಟಿ ಪರೀಕ್ಷೆಯಲ್ಲಿ ಎರಡು ಭಾಷೆಯ ಮಕ್ಕಳು ಹಿಂದೆ ಬೀಳಲಿಲ್ಲ, ಒಂದೇ ಭಾಷೆಯವರಿಗಿಂತ ಮುಂದಿದ್ದರು. ಒಂದೇ ವಸ್ತುವಿಗೆ ಎರಡು ಹೆಸರು ಇರಬಹುದು ಅಂತ ಗೊತ್ತಾದ ಮಗುವಿಗೆ ಹೆಸರು ಬೇರೆ, ವಸ್ತು ಬೇರೆ ಅನ್ನುವುದು ಬೇಗ ಹೊಳೆಯುತ್ತದೆ. ಹಾಗಂತ ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಎರಡು ಲಿಪಿಯನ್ನು ಒಂದೇ ವಾರದಲ್ಲಿ ಒಂದೇ ತರ ತುರುಕಿದರೆ ತೊಡಕು ಆಗುತ್ತದೆ. ಕನ್ನಡದಲ್ಲಿ ‘ಎ’ ಅಂತ ಒಂದು ಅಕ್ಷರ ಇದೆ. ಇಂಗ್ಲಿಷಿನ ಮೊದಲ ಅಕ್ಷರದ ಹೆಸರೂ ‘ಎ’. ಆದರೆ ಅದರ ಆಕಾರ ಬೇರೆ, ಪದದೊಳಗೆ ಹೋದರೆ ಸದ್ದೂ ಬೇರೆ.

ಬಿಡುವುದಾದರೆ ಕನ್ನಡ ಬಿಡಬೇಡಿ. ಕನ್ನಡವನ್ನೇ ಮುಂದಿಡಿ. ಅವಳು ಕನಸು ಕಾಣುವ ಭಾಷೆ ಅದು. ಜೊತೆಗೆ ನಮ್ಮ ಅಕ್ಷರಕ್ಕೆ ಒಂದು ದೊಡ್ಡ ಅನುಕೂಲ ಇದೆ. ‘ಮ’ದ ಹೆಸರೂ ‘ಮ’, ಸದ್ದೂ ‘ಮ’. ಗುರುತಿಗೂ ಸದ್ದಿಗೂ ನಡುವೆ ಮೂರನೆಯದು ಯಾವುದೂ ಇಲ್ಲ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ‘ಡಬ್ಲ್ಯೂ’, ಸದ್ದು ‘ವ’. ಗುರುತು ಸದ್ದನ್ನು ಹೇಳುತ್ತದೆ ಅನ್ನುವುದು ಕನ್ನಡದಲ್ಲಿ ಹೊಳೆದರೆ ಇಂಗ್ಲಿಷಿಗೂ ದಾರಿ ಆಗುತ್ತದೆ.

ಆದರೆ ಕನ್ನಡಕ್ಕೆ ಸಮಯ ಜಾಸ್ತಿ ಬೇಕು. 49 ಅಕ್ಷರ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ ಕಾಗುಣಿತವೇ 442 ರೂಪ. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಮಾಡಿದ ಅಧ್ಯಯನ 2007ರಲ್ಲಿ ಬಂತು. ಅಕ್ಷರ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷ ನಡೆಯುತ್ತಲೇ ಇರುತ್ತದೆ ಅಂತ ಅದು ತೋರಿಸಿತು. ಎಲ್‌ಕೆಜಿ ಮಗುವಿಗೆ ‘ಹಿಂದಿದ್ದಾಳೆ’ ಅನ್ನುವ ಮಾತು ನನಗೆ ಬೇಜಾರು ತರಿಸುತ್ತದೆ. ಯಾವುದಕ್ಕಿಂತ ಹಿಂದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತ ಅಂತ ಒಟ್ಟಿಗೇ ನೋಡುತ್ತದೆ. ನಿಮ್ಮ ಮಗಳು ಅದರ ಮೊದಲ ಅರ್ಧದಲ್ಲೇ ಇದ್ದಾಳೆ.

3 ಉಲ್ಟಾ ಬರೆಯುವುದು ಡಿಸ್ಲೆಕ್ಸಿಯಾದ ಲಕ್ಷಣ ಅನ್ನುವುದು ಮೊಬೈಲಿನಲ್ಲಿ ಹರಡಿರುವ ಮಾತು. ಹಿಡಿ ಇರುವ ಒಂದು ಕಪ್ ತೆಗೆದುಕೊಳ್ಳಿ. ಹಿಡಿ ಎಡಕ್ಕಿದ್ದರೂ ಕಪ್, ಬಲಕ್ಕಿದ್ದರೂ ಕಪ್. ಹುಟ್ಟಿದಾಗಿನಿಂದ ಮಗುವಿನ ಮಿದುಳು ಇದನ್ನೇ ಕಲಿತಿದೆ. ಮುಖ ಯಾವ ಕಡೆಗಿದ್ದರೂ ವಸ್ತು ಅದೇ. ದಿಕ್ಕು ಬದಲಾದರೆ ತಪ್ಪು ಅನ್ನುವ ವಸ್ತು ಅವಳ ಜೀವನದಲ್ಲಿ ಮೊದಲ ಸಲ ಎದುರಾಗಿದ್ದು ಅಂಕಿ, ಅಕ್ಷರದಲ್ಲಿ. ಏಳು ವರ್ಷದವರೆಗೂ ಇದು ಸಾಮಾನ್ಯ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಯನ್ನು ಈ ವಯಸ್ಸಿನಲ್ಲಿ ಯಾರೂ ಖಚಿತವಾಗಿ ಹೇಳಲಾರರು. ನಮ್ಮಲ್ಲಿ ಸಾಮಾನ್ಯವಾಗಿ ಎಂಟು ವರ್ಷದ ಹೊತ್ತಿಗೆ ಅದರ ಪರೀಕ್ಷೆ ನಡೆಯುತ್ತದೆ. ನಾಲ್ಕೂವರೆಗೆ ಯಾರಾದರೂ ಸರ್ಟಿಫಿಕೇಟ್ ಕೊಡುತ್ತೇನೆ ಅಂದರೆ ಅಲ್ಲಿ ದುಡ್ಡು ಕಟ್ಟಬೇಡಿ.

ಇನ್ನು ಏಳು ಚಮಚ. ನೂರರವರೆಗೆ ಎಣಿಸುವುದೂ ಹಾಡೇ. ಮಕ್ಕಳಿಗೆ ‘ಒಂದು’ ಅಂದರೆ ಎಷ್ಟು ಅಂತ ಮೊದಲು ಗೊತ್ತಾಗುತ್ತದೆ, ಆಮೇಲೆ ‘ಎರಡು’, ಆಮೇಲೆ ‘ಮೂರು’. ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಮೇಲೆ ಒಂದು ದಿನ ಕೊನೆಗೆ ಹೇಳಿದ ಅಂಕಿಯೇ ಒಟ್ಟು ಅನ್ನುವುದು ಥಟ್ಟನೆ ಹೊಳೆಯುತ್ತದೆ. ಅಲ್ಲಿಂದ ಏಳೂ ಹತ್ತೂ ಒಂದೇ. ನಿಮ್ಮ ಮಗಳು ಆ ಹೊಸ್ತಿಲಲ್ಲಿ ನಿಂತಿದ್ದಾಳೆ. ಬಹಳ ಮಕ್ಕಳು ನಾಲ್ಕರ ಆಸುಪಾಸಿನಲ್ಲಿ ಇದನ್ನು ದಾಟುತ್ತಾರೆ, ಹಾಗಾಗಿ ಇದಕ್ಕೆ ಸ್ವಲ್ಪ ಒತ್ತು ಕೊಡಿ. ನೂರು, ಇನ್ನೂರು ಅಂತ ಹಾಡು ಉದ್ದ ಮಾಡುವುದು ಬೇಡ. ಊಟಕ್ಕೆ ತಟ್ಟೆ ಇಡಲಿ. ‘ಒಂದು, ಎರಡು, ಮೂರು, ನಾಲ್ಕು, ಐದು. ಒಟ್ಟು ಎಷ್ಟು ಜನ ಊಟಕ್ಕೆ?’ ಮತ್ತೆ ಮೊದಲಿಂದ ಎಣಿಸಲು ಶುರು ಮಾಡಿದರೆ ಬೈಯಬೇಡಿ. ‘ಐದು ಅಂದೆಯಲ್ಲ, ಹಾಗಾದರೆ ಐದು ತಟ್ಟೆ’ ಅಂತ ನೀವೇ ಹೇಳಿ.

ಅತ್ತೆಯವರಿಗೆ ಇಲ್ಲೊಂದು ಕೆಲಸ ಇದೆ. ಚೌಕಾಬಾರ ಆಡಲಿ ಮೊಮ್ಮಗಳ ಜೊತೆ. ಗುರುತು ಕಲಿಸಲು ಅದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಹುಣಸೆ ಬೀಜ ಹುಣಸೆ ಬೀಜವೇ, ಆದರೆ ಮಣೆ ಮೇಲೆ ಅದು ‘ನಾನು’. ಕಾಟು ಹಾಕಿದ ಮನೆ ಅಂದರೆ ಅಲ್ಲಿ ಯಾರೂ ಹೊಡೆಯುವ ಹಾಗಿಲ್ಲ. ಎರಡು ಗೀಟು ಅಷ್ಟೇ, ಆದರೆ ಎಲ್ಲರೂ ಒಪ್ಪಿದ್ದಾರೆ. ಮೂರು ಕವಡೆ ಬಾಯಿ ತೆರೆದು ಬಿದ್ದರೆ ಮೂರು ಮನೆ ನಡೆಯಬೇಕು. ಎಣಿಕೆ, ಗುರುತು, ಒಪ್ಪಂದ ಎಲ್ಲ ಒಂದೇ ಮಣೆಯಲ್ಲಿದೆ.

ಬರೆಸುವುದರ ಬಗ್ಗೆ ಹೇಳಿಬಿಡುತ್ತೇನೆ. ಮಿಸ್ ಹೇಳಿದ ಹಾಗೆ ದಿನಾ ಎರಡು ಪುಟ ಬರೆಸಬಹುದು. ಕೈಯಲ್ಲಿ ಬರೆದರೆ ಆಕಾರ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದು ಯಾವುದರ ಗುರುತು ಅಂತ ಗೊತ್ತಾದ ಮೇಲಿನ ಮಾತು. ಅದಕ್ಕೆ ಮೊದಲೇ ಬರೆಸಿದರೆ ಅವಳು ಬರೆಯುವುದು ‘ಗ’ ಅಲ್ಲ, ಸುಮ್ನೆ ಒಂದು ಗೆರೆ. ಎರಡನೇ ಸಾಲಿಗೆ ಬರುವಾಗ ಕೈ ನೋವು, ಐದನೇ ಸಾಲಿಗೆ ಅಳು. ನಿಮ್ಮ ಮನೆಯಲ್ಲಿ ಅಳು ಆಗಲೇ ಶುರುವಾಗಿದೆ. ಅಕ್ಷರದ ಮೇಲೆ ಹುಟ್ಟಿದ ಬೇಸರ ಅಕ್ಷರ ಬಂದ ಮೇಲೂ ಹೋಗುವುದಿಲ್ಲ. ಹತ್ತು ವರ್ಷದ ಮಕ್ಕಳಲ್ಲಿ ಇದನ್ನು ಬಹಳ ನೋಡಿದ್ದೇನೆ.

ಪೂರ್ತಿ ಬಿಟ್ಟುಬಿಡುವುದು ಇನ್ನೊಂದು ದಾರಿ. ಇದನ್ನೂ ನಾನು ಒಪ್ಪುವುದಿಲ್ಲ. ನಡೆಯುವುದು, ಮಾತಾಡುವುದು ತಾನಾಗಿ ಬರುತ್ತದೆ. ಓದು ಹಾಗೆ ತಾನಾಗಿ ಬರುವುದಿಲ್ಲ. ಅದು ಮನುಷ್ಯರು ಮಾಡಿಕೊಂಡ ಒಪ್ಪಂದ. ಯಾರಾದರೂ ತೋರಿಸಿಕೊಡಬೇಕು.

ಟ್ಯೂಷನ್ ಅಥವಾ ಆ್ಯಪ್? ಟ್ಯೂಷನ್ನಿನಲ್ಲಿ ಅದೇ ಎರಡು ಪುಟ ಇನ್ನೊಂದು ಮನೆಯಲ್ಲಿ ನಡೆಯುವ ಸಂಭವ ಜಾಸ್ತಿ. ಆ್ಯಪ್, ಬಣ್ಣಬಣ್ಣದ ಪ್ಲಾಸ್ಟಿಕ್ ಅಕ್ಷರಗಳ ವಿಷಯದಲ್ಲಿ ಡಿಲೋಚ್ ಅವರ ಇನ್ನೊಂದು ಮಾತು ನೆನಪಿಡಿ. ಮಾದರಿ ಕೋಣೆಯ ಜೊತೆ ಮೊದಲೇ ಆಡಲು ಬಿಟ್ಟ ಮಕ್ಕಳು ಆಮೇಲೆ ಗೊಂಬೆ ಹುಡುಕುವುದರಲ್ಲಿ ಹಿಂದೆ ಬಿದ್ದರು. ಗಾಜಿನ ಹಿಂದೆ ಇಟ್ಟು ತೋರಿಸಿದಾಗ ಚಿಕ್ಕವರೂ ಗೆದ್ದರು. ವಸ್ತು ಆಟಿಕೆಯಾಗಿ ಎಷ್ಟು ಮುದ್ದೋ, ಗುರುತಾಗಿ ಅಷ್ಟು ಮರೆಯಾಗುತ್ತದೆ. ಕುಣಿಯುವ, ಹಾಡುವ, ಮಿನುಗುವ ‘ಕ’ ಕಂಡಾಗ ಮಗು ಕುಣಿತ ನೋಡುತ್ತದೆ, ‘ಕ’ ನೋಡುವುದಿಲ್ಲ. ಸಾದಾ ಕಾಗದದ ಚೀಟಿ ಸಾಕು.

ನಾನು ಹೇಳುವುದು ಮನೆಯಲ್ಲೇ ದಿನಕ್ಕೆ ಹದಿನೈದು ನಿಮಿಷ, ಅಕ್ಷರ ಬೇಕಾಗುವಂಥ ಕೆಲಸ. ಇದರಲ್ಲೂ ಅಪಾಯ ಇದೆ. ಎರಡನೇ ವಾರಕ್ಕೆ ಅದೇ ಪರೀಕ್ಷೆ ಆಗಿಬಿಡಬಹುದು. ‘ಇದೇನು? ಇದೇನು?’ ಅಂತ ಶುರುವಾದರೆ ಅವತ್ತಿಗೆ ನಿಲ್ಲಿಸಿ. ಶಾಲೆಯ ವರ್ಕ್‌ಶೀಟಿನಲ್ಲಿ ಇದರ ಫಲ ತಕ್ಷಣ ಕಾಣುವುದಿಲ್ಲ. ಅದಕ್ಕೂ ತಯಾರಾಗಿರಿ.

ಶುರು ಡಬ್ಬಿಯಿಂದ ಮಾಡಿ. ಒಂದೇ ತರದ ನಾಲ್ಕು ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಕಡಲೆಬೀಜ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಮೂರು, ಕೊನೆಯದು ಖಾಲಿ. ಮುಚ್ಚಳ ಹಾಕಿ ಕಲಸಿಬಿಡಿ. ಮೂರು ಇರುವ ಡಬ್ಬಿ ಯಾವುದು? ಹೇಳಲು ಆಗುವುದಿಲ್ಲ. ಈಗ ಮುಚ್ಚಳದ ಮೇಲೆ ಕಾಗದ ಅಂಟಿಸಿ ಪೆನ್ಸಿಲ್ ಕೊಡಿ. ‘ನಾಳೆ ತೆರೆಯದೆ ಗೊತ್ತಾಗಬೇಕು, ಏನು ಗುರುತು ಹಾಕ್ತೀಯಾ?’ ಬ್ರಿಟನ್ನಿನ ಸಂಶೋಧಕ ಮಾರ್ಟಿನ್ ಹ್ಯೂಸ್ 1980ರ ದಶಕದಲ್ಲಿ ಶಾಲೆಗೆ ಹೋಗದ ಮಕ್ಕಳಿಗೆ ಇದನ್ನೇ ಆಡಿಸಿದರು. ಅಂಕಿ ಬರೆಯಲು ಬಾರದ ಮಕ್ಕಳೂ ತಮ್ಮದೇ ಗೀಟು, ಚುಕ್ಕಿ ಹಾಕಿಕೊಂಡರು. ಆಮೇಲೆ ಅದನ್ನು ನೋಡಿ ಡಬ್ಬಿ ಹೇಳಿದರು.

ನಾನು ಈ ಆಟ ಆಡಿಸಿದ ಒಬ್ಬ ಹುಡುಗಿ ಮೂರರ ಡಬ್ಬಿಗೆ ಮೂರು ಗೀಟು ಎಳೆದಳು. ಎರಡಕ್ಕೆ ಎರಡು ಗೀಟು. ಖಾಲಿ ಡಬ್ಬಿಗೆ ಏನು ಬರೆಯಲಿ ಅಂತ ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ಕೂತಳು. ಕೊನೆಗೆ ಏನೂ ಬರೆಯದೆ ಕಾಗದ ಹಾಗೇ ಬಿಟ್ಟಳು. ಮರುದಿನ ಅವಳ ಅಣ್ಣ ಬಂದು ‘ಇದಕ್ಕೆ ಬರೆಯೋದು ಮರೆತಿದ್ದೀಯಾ’ ಅಂದ. ಹುಡುಗಿ ಕಕ್ಕಾಬಿಕ್ಕಿ. ತನಗೆ ಗೊತ್ತು, ಅಣ್ಣನಿಗೆ ಗೊತ್ತಿಲ್ಲ. ಗುರುತು ಅಂದರೆ ಇಬ್ಬರೂ ಒಪ್ಪಬೇಕಾದದ್ದು ಅಂತ ಅವಳಿಗೆ ನಾನು ಹೇಳಬೇಕಾಗಲಿಲ್ಲ. ಆಗ ‘ನಾವೆಲ್ಲ ಖಾಲಿಗೆ 0 ಅಂತ ಬರೀತೀವಿ’ ಅಂದೆ. ಅವಳು ಆ ಸೊನ್ನೆಯನ್ನು ಪಡೆದುಕೊಂಡ ರೀತಿ ನೋಡಬೇಕಿತ್ತು. ಎಷ್ಟೋ ದಿನದಿಂದ ಹುಡುಕುತ್ತಿದ್ದ ವಸ್ತು ಸಿಕ್ಕಿದ ಹಾಗೆ ಎರಡು ಕೈಯಲ್ಲಿ ಡಬ್ಬಿ ಹಿಡಿದುಕೊಂಡಳು.

ಇದೇ ಆಟವನ್ನು ಉಪ್ಪು, ಸಕ್ಕರೆ ಡಬ್ಬಿಗೆ ತನ್ನಿ. ಮೊದಲು ಅವಳದೇ ಚಿತ್ರ ಬರೆಯಲಿ. ವಾರ ಬಿಟ್ಟು ಪಕ್ಕದಲ್ಲಿ ನೀವು ‘ಉಪ್ಪು’ ಅಂತ ಬರೆಯಿರಿ. ಅವಳೆದುರಿಗೇ ಬರೆಯಿರಿ, ಬರೆಯುತ್ತಾ ನಿಧಾನ ಹೇಳಿ.

ಅಕ್ಷರಕ್ಕೆ ಮೊದಲು ಅವಳ ಹೆಸರು. ಚಪ್ಪಲಿ ಗೂಡಿಗೆ, ನೀರಿನ ಬಾಟಲಿಗೆ ಅಂಟಿಸಿ. ಆಮೇಲೆ ‘ಅ ಆ ಇ ಈ’ ಸಾಲು ಬಿಟ್ಟುಬಿಡಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಒಂದು ಜಾಣ್ಮೆ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಅಕ್ಷರ ‘ರ ಗ ಸ ದ ಅ’ದಿಂದ ಶುರು. ಆಕಾರ ಸುಲಭ, ಜೊತೆಗೆ ಐದೇ ಅಕ್ಷರಕ್ಕೆ ಪದ ಹುಟ್ಟುತ್ತದೆ. ರಸ, ಸರ, ದರ, ಅಗಸ, ಅರಸ, ಗದಗ. ಕಾಗುಣಿತ ಬೇಕಿಲ್ಲ, ಒತ್ತು ಬೇಕಿಲ್ಲ. ಐದು ಚೀಟಿ ಮಾಡಿ. ‘ಸ’, ‘ರ’ ಪಕ್ಕ ಪಕ್ಕ ಇಡಿ, ‘ಸರ’. ನಿಮ್ಮ ಕೊರಳಿನ ಸರ ತೋರಿಸಿ. ಈಗ ಎರಡು ಚೀಟಿಯ ಜಾಗ ಅದಲುಬದಲು ಮಾಡಿ, ‘ರಸ’. ಹಣ್ಣಿನ ರಸ! ಇದನ್ನು ಅವಳ ಕೈಯಲ್ಲೇ ಮಾಡಿಸಿ. ಚೀಟಿ ಜಾರಿದರೆ ಇಲಿ ಆಗುತ್ತದೆ ಅಂತ ನಂಬಿದ್ದ ಮಗುವಿಗೆ ‘ಸ’ ಎಲ್ಲಿ ಹೋದರೂ ‘ಸ’ ಅಂತ ಗೊತ್ತಾಗುವುದು ಇಲ್ಲೇ. ಚಿತ್ರ ಇಡಬೇಡಿ. ವಾರಕ್ಕೆ ಎರಡು ಅಕ್ಷರ ಸಾಕು.

ಚೀಟಿ ಇಲ್ಲದೆ, ಬರೀ ಬಾಯಲ್ಲೂ ಆಡಿ. ಬಸ್ಸಿನಲ್ಲಿ ಕೂತಾಗ ‘ನಾನು ಸ ಅಂತೀನಿ, ಸ ಇಂದ ಶುರುವಾಗೋದು ಹೇಳು’. ಸರ, ಸಕ್ಕರೆ, ಸಂಜೆ. ‘ಮನೆ’ಯಲ್ಲಿ ‘ಮ’ ತೆಗೆದರೆ ಏನು ಉಳಿಯುತ್ತೆ? ಅಕ್ಷರ ಯಾವುದರ ಗುರುತೋ ಆ ಸದ್ದು ಮೊದಲು ಕಿವಿಗೆ ಸಿಗಬೇಕು.

ಈಗ ಕಿವಿ. ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಪದೇ ಪದೇ ಶೀತ, ಕಿವಿನೋವು ಆಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಲ್ಲುವುದುಂಟು. ಪೂರ್ತಿ ಕಿವುಡಲ್ಲ, ದಿಂಬಿನ ಒಳಗಿಂದ ಕೇಳಿದ ಹಾಗೆ. ಕೆಲವು ದಿನ ಚೆನ್ನಾಗಿ ಕೇಳುತ್ತದೆ, ಕೆಲವು ದಿನ ಇಲ್ಲ. ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ‘ಸ’, ‘ಶ’, ‘ತ’, ‘ದ’ ಬೇರೆ ಬೇರೆ ಅಂತ ಕೇಳಿಸುವುದೇ ಕಷ್ಟ. ಈ ತಿಂಗಳೇ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೇ ಇರುವುದು. ನಿಮ್ಮ ಊರಿನಲ್ಲೂ ಮಾಡುವವರಿದ್ದಾರೆ. ನೀರು ಕಂಡುಬಂದರೆ ಹೆದರಬೇಡಿ, ಬಹಳ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ, ಇಲ್ಲದಿದ್ದರೆ ಚಿಕಿತ್ಸೆ ಇದೆ. ಹಾಗೇ ಕಣ್ಣಿನ ಪರೀಕ್ಷೆಯೂ ಆಗಲಿ.

ಮನೆಯ ಆಟ ಆರು ತಿಂಗಳು ನಡೆಸಿ. ಆಮೇಲೂ ತನ್ನ ಹೆಸರನ್ನೇ ಗುರುತಿಸದಿದ್ದರೆ, ‘ಸ’ದಿಂದ ಶುರುವಾಗುವ ಒಂದು ಪದವೂ ಹೊಳೆಯದಿದ್ದರೆ, ಹೇಳಿದ ಮಾತು ಬೇರೆಯವರಿಗೆ ಅರ್ಥವಾಗದಿದ್ದರೆ ಮಕ್ಕಳ ಬೆಳವಣಿಗೆ ತಜ್ಞರನ್ನು ನೋಡಿ.

ಮಿಸ್ ಜೊತೆ ಜಗಳ ಬೇಡ. ನಲವತ್ತು ಮಕ್ಕಳನ್ನು ಹಿಡಿದುಕೊಂಡು ಅವರೂ ಒದ್ದಾಡುತ್ತಿರುತ್ತಾರೆ. ‘ಮೂರು ತಿಂಗಳು ಎರಡು ಪುಟದ ಬದಲು ಎರಡು ಸಾಲು ಬರೆಸ್ತೀನಿ, ಮನೆಯಲ್ಲಿ ಹೀಗೆ ಮಾಡ್ತಿದ್ದೀವಿ’ ಅಂತ ಡಬ್ಬಿಯ ಮುಚ್ಚಳ ತೆಗೆದುಕೊಂಡು ಹೋಗಿ ತೋರಿಸಿ. ನಾನು ಕಂಡ ಹೆಚ್ಚಿನ ಶಿಕ್ಷಕಿಯರು ಇದಕ್ಕೆ ಒಪ್ಪಿದ್ದಾರೆ.

ಕೊನೆಗೆ ಚಾರ್ಟ್. ಇವತ್ತೇ ಇಳಿಸಿ, ಆದರೆ ಹರಿಯಬೇಡಿ. ಸುತ್ತಿ ಬೀರುವಿನ ಮೇಲಿಡಿ. ಎರಡು ತಿಂಗಳ ನಂತರ ಅವಳಿಗೆ ಆ ಐದು ಅಕ್ಷರ ಬಂದ ಮೇಲೆ ನೆಲದ ಮೇಲೆ ಹಾಸಿ. ಚಿತ್ರಗಳ ಮೇಲೆಲ್ಲ ಕಾಗದ ಅಂಟಿಸಿ ಮುಚ್ಚಿ. ಕೈಗೆ ಒಂದು ಹಾಳೆ ಬಿಂದಿ ಕೊಡಿ. ತನಗೆ ಗೊತ್ತಿರುವ ಅಕ್ಷರ ಕಂಡಲ್ಲೆಲ್ಲ ಅವಳೇ ಬಿಂದಿ ಅಂಟಿಸಲಿ. ಆಮೇಲೆ ಅವಳ ಕಣ್ಣಿನ ಎತ್ತರಕ್ಕೆ ಗೋಡೆಗೆ ಹಾಕಿ. ನಾವು ಸಾಮಾನ್ಯವಾಗಿ ನಮ್ಮ ಕಣ್ಣಿನ ಎತ್ತರಕ್ಕೆ ಹಾಕಿರುತ್ತೇವೆ.